ಒಂದು ಕರ್ಣ ಎಳೆದರೆ

ಚತುರ್ಭುಜದಲ್ಲಿ ಗೊತ್ತಿಲ್ಲದ ಉದ್ದ ಕೇಳಿದರೆ ಮೊದಲು ಅದರೊಳಗೆ ತ್ರಿಭುಜ ಹುಡುಕು ಅಂತ ಅಕ್ಕನ ಮಗಳಿಗೆ ಹೇಳ್ತಾನೇ ಇರ್ತೀನಿ. ಮುಂಬೈ ಹತ್ತಿರದ ಡೊಂಬಿವಲಿಯ ಶಾಲೆಯಲ್ಲಿ ಅವಳು ಕಲಿಯೋದು ಇಂಗ್ಲಿಷಿನಲ್ಲಿ, ಮನೇಲಿ ನಾವು ಬಿಡಿಸೋದು ಕನ್ನಡದಲ್ಲಿ.

ನಿನ್ನೆಯ ಲೆಕ್ಕ ಎಷ್ಟು ಚೆಂದ ಇತ್ತು ಅಂದ್ರೆ! ತ್ರಾಪಿಜ್ಯ. ಸಮಾಂತರ ಬಾಹುಗಳು ಕೆಳಗೆ 25, ಮೇಲೆ 11. ಓರೆ ಬಾಹುಗಳು ಎಡಕ್ಕೆ 13, ಬಲಕ್ಕೆ 15. ಎತ್ತರ ಬೇಕು. ಮೇಲಿನ ಬಲ ಮೂಲೆಯಿಂದ 13ಕ್ಕೆ ಸಮಾಂತರವಾಗಿ ಗೆರೆ ಎಳೆದಳು. 25ರಲ್ಲಿ 11 ಹೋಗಿ 14 ಉಳಿಯಿತು, 13-14-15ರ ತ್ರಿಭುಜ ಕೈಗೆ ಬಂತು. ಲಂಬ ಇಳಿಸಿದರೆ ಆ 14 ಒಡೆದು 5 ಮತ್ತು 9. ಎತ್ತರ 12. ಕೆಳಗಿನ ಎಡ ಮೂಲೆಯಿಂದ ಎಳೆದ ಕರ್ಣಕ್ಕೆ ಪೈಥಾಗೊರಸ್ ಹಾಕಿದಳು: ಅಡಿ 5+11, ಅಂದ್ರೆ 16, ಎತ್ತರ 12, ಕರ್ಣ ಸರಿಯಾಗಿ 20!

"ನಾಲ್ಕು ಬಾಹು ಕೊಟ್ಟರೆ ಯಾವ ಚತುರ್ಭುಜಕ್ಕೂ ಹೀಗೇ ಬರುತ್ತಾ ಮಾಮಾ?" ಅಂದಳು. ಬರಲ್ಲ. ಇಲ್ಲಿ ಎರಡು ಬಾಹು ಸಮಾಂತರ ಅಂತ ಗೊತ್ತಿತ್ತು. ಅದಿಲ್ಲದಿದ್ದರೆ ಚೌಕಟ್ಟು ವಾಲುತ್ತೆ, ಬಾಹುಗಳು ಅಷ್ಟೇ ಇದ್ದು ಕ್ಷೇತ್ರಫಲ ಬದಲಾಗುತ್ತೆ. ಭಾಸ್ಕರಾಚಾರ್ಯರು 1150ರ ಲೀಲಾವತಿಯಲ್ಲೇ ಇದನ್ನು ಹೇಳಿದ್ದಾರೆ: ಲಂಬವನ್ನೋ ಕರ್ಣವನ್ನೋ ಹೇಳದೆ ಚತುರ್ಭುಜದ ನಿಶ್ಚಿತ ಫಲ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನಿಗಿಂತ ಕಡೆ ಅಂತ.

ಎದುರಿನ ಕಟ್ಟಡಕ್ಕೆ ಬಿದಿರಿನ ಸಾರುವೆ ಕಟ್ಟಿದ್ದಾರೆ. ಉದ್ದ, ಅಡ್ಡ ಬಿದಿರುಗಳ ಮೇಲೆ ಚೌಕಟ್ಟು ವಾಲದ ಹಾಗೆ ಕರ್ಣದ ಥರ ಓರೆಯಾಗಿ ಬಿಗಿದ ಬಿದಿರುಗಳನ್ನು ಕಿಟಕಿಯಿಂದ ತೋರಿಸಿದೆ. ಇವತ್ತು ಬೆಳಗ್ಗೆಯಿಂದ ವೃತ್ತದೊಳಗಿನ ಚತುರ್ಭುಜ ಹಿಡ್ಕೊಂಡು ಕೂತಿದ್ದಾಳೆ.