ಹಳೆಯ ಹೊಲಿಗೆಯ ಮೇಲೆ ಮತ್ತೊಂದು ಹೆರಿಗೆ

ಒಮ್ಮೆ ಸಿಸೇರಿಯನ್ ಆದರೆ ಮುಂದಿನದ್ದೂ ಅದೇ ಎಂದು ಈಗಲೂ ಎಷ್ಟೋ ಮಂದಿ ನಂಬಿದ್ದಾರೆ. ಹಾಗೇನಿಲ್ಲ. ಗರ್ಭಕೋಶದ ಕೆಳಭಾಗದಲ್ಲಿ ಒಂದೇ ಒಂದು ಅಡ್ಡ ಕೊಯ್ತವಿದ್ದು, ಬೇರೆ ತೊಡಕಿಲ್ಲದೆ ಸಹಜ ಹೆರಿಗೆಗೆ ಪ್ರಯತ್ನಿಸುವ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಸಾಧ್ಯವಾಗುತ್ತದೆ.

ಮೊದಲು ಹಳೆಯ ಆಪರೇಷನ್ ನೋಟ್ಸ್ ಹುಡುಕಿ ತೆಗೆಯಿರಿ. ಚರ್ಮದ ಮೇಲೆ ಅಡ್ಡ ಗೆರೆಯಿದ್ದರೂ ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಸೀಳಿರಬಹುದು. ಜೋರಾಗಿ ಸಂಕುಚಿಸುವ ಮೇಲ್ಭಾಗದಲ್ಲಿ ಆ ಸೀಳಿದ್ದರೆ ಹೆರಿಗೆ ನೋವಿಗೆ ಕಾಯಲೇಬಾರದು, ಅದಕ್ಕೂ ಮೊದಲೇ ಸಿಸೇರಿಯನ್ ಆಗಬೇಕು.

ಗರ್ಭ ನಿಂತದ್ದು ತಿಳಿದ ಕೂಡಲೇ ಒಂದು ಸ್ಕ್ಯಾನ್ ಆಗಬೇಕು, ಗರ್ಭ ಹಳೆಯ ಗಾಯದಲ್ಲೇ ಕೂತಿಲ್ಲ ಎಂದು ಖಚಿತಪಡಿಸಿಕೊಳ್ಳಲು. 20 ವಾರದ ಹೊತ್ತಿಗೆ ಮಾಸು (ಪ್ಲಾಸೆಂಟಾ) ಎಲ್ಲಿದೆ ಎಂದು ಕೇಳಿ. ಅದು ಕೆಳಗೆ, ಗಾಯದ ಮೇಲೆಯೇ ಇದ್ದರೆ ಗೋಡೆಯೊಳಗೆ ಬೇರಿಳಿಸಿ ಭಾರೀ ರಕ್ತಸ್ರಾವಕ್ಕೆ ಕಾರಣವಾಗಬಹುದು.

ಎಲ್ಲರಿಗೂ ಇರುವ ಭಯ ಗರ್ಭಕೋಶದ ಹಳೆಯ ಹೊಲಿಗೆ ಹೆರಿಗೆ ನೋವಿನಲ್ಲಿ ಬಿಚ್ಚಿಕೊಳ್ಳುವುದು. ನೋವು ತಾನಾಗಿ ಬಂದಾಗ ಇದು ಸುಮಾರು 200ರಲ್ಲಿ ಒಬ್ಬರಿಗೆ ಆಗುತ್ತದೆ. ಔಷಧಿ ಕೊಟ್ಟು ನೋವು ಬರಿಸಿದರೆ ಹೆಚ್ಚು. ನೋವು ಬರಿಸುವ ಔಷಧಿಗಳಲ್ಲಿ ಮಿಸೊಪ್ರೊಸ್ಟಾಲ್ ಮಾತ್ರ ಬೇಡವೇ ಬೇಡ. ಮಗುವಿನ ಎದೆಬಡಿತ ಕುಸಿಯುವುದೇ ಸಾಮಾನ್ಯವಾಗಿ ಮೊದಲ ಸುಳಿವು, ಅದಕ್ಕೇ ಬಿಡದೆ ಮಾನಿಟರ್ ಹಾಕಿರಬೇಕು. ನೋವುಗಳ ನಡುವೆಯೂ ಹೊಲಿಗೆಯ ಜಾಗ ನೋಯುತ್ತಲೇ ಇದ್ದರೆ, ರಕ್ತ ಹೋದರೆ, ಬರುತ್ತಿದ್ದ ನೋವು ತಟಕ್ಕನೆ ನಿಂತರೆ ಆ ಕ್ಷಣವೇ ಹೇಳಿ.

ಆಸ್ಪತ್ರೆ ಆರಿಸುವಾಗ ನೇರವಾಗಿ ಕೇಳಿ: ನಡುರಾತ್ರಿಯಲ್ಲೂ ಅರಿವಳಿಕೆ ವೈದ್ಯರು, ರಕ್ತ, ಆಪರೇಷನ್ ಥಿಯೇಟರ್ ತಕ್ಷಣ ಸಿಗುತ್ತವೆಯೇ? ಇಲ್ಲವೆಂದರೆ ಬೇರೆ ಆಸ್ಪತ್ರೆ ನೋಡಿ.