ಪಾರ್ಕಿಂಗ್ ಇಲ್ಲದ ಮನೇಲಿ ಯಾಕಿದ್ದೀರಿ ಅಂತ ಕೇಳೋರಿಗೆಲ್ಲ

ನಾವಿರೋದು ಇಂಗ್ಲೆಂಡಿನ ಸಮುದ್ರ ದಡದ ಊರು ಬ್ರೈಟನ್‌ನಲ್ಲಿ. ಎಲ್ಲರ ಪ್ರಶ್ನೆ ಇಷ್ಟು. "ಬ್ರೈಟನ್‌ನಲ್ಲಿ ಅಷ್ಟೊಂದು ಬಾಡಿಗೆ ಸುರಿದು ಊರ ಮಧ್ಯದಲ್ಲೇ ಯಾಕಿದ್ದೀರಿ? ಪಾರ್ಕಿಂಗ್ ಬೇರೆ ಇಲ್ಲ." ಫೋನಲ್ಲಿ ಅತ್ತೆ ಕೇಳ್ತಾರೆ, ಯುಗಾದಿ ಊಟದಲ್ಲಿ ತಟ್ಟೆ ಹಿಡ್ಕೊಂಡು ಕ್ಯೂ ನಿಂತಾಗ ಹೆಸರೂ ಗೊತ್ತಿಲ್ಲದವರು ಕೇಳ್ತಾರೆ, ಮೊನ್ನೆ ಮನೆಗೆ ಬಾಯ್ಲರ್ ನೋಡೋಕೆ ಬಂದೋನೂ ವ್ಯಾನ್ ಎಲ್ಲೋ ನಿಲ್ಲಿಸಿ ಟೂಲ್ ಬಾಕ್ಸ್ ಹೊತ್ಕೊಂಡು ಬಂದ ಸಿಟ್ಟಲ್ಲಿ ಕೇಳ್ದ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ಮೊದ್ಲು ಬೀಚ್ ವಿಷಯ ಮುಗಿಸ್ಬಿಡೋಣ. ಇಲ್ಲ, ಕಿಟಕಿಯಿಂದ ಸಮುದ್ರ ಕಾಣಲ್ಲ, ಎದುರು ಮನೆಯವರ ಕರ್ಟನ್ ಕಾಣುತ್ತೆ. ಇಲ್ಲ, ದಿನಾ ಬೀಚಿಗೆ ಹೋಗಲ್ಲ, ಮೈಸೂರಲ್ಲಿದ್ದಾಗ ದಿನಾ ಚಾಮುಂಡಿ ಬೆಟ್ಟ ಹತ್ತುತಿದ್ನಾ? ಆಮೇಲೆ ಈ ಬೀಚಲ್ಲಿ ಮರಳೇ ಇಲ್ಲ, ಎಲ್ಲಾ ಉರುಟುಗಲ್ಲು. ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಟ್ರೆ "ಅಯ್ಯೋ ಅಮ್ಮಾ" ಅಂತ ಕೂಗ್ಬೇಕು. ಮಕ್ಕಳಿಗೆ ಬಕೆಟ್ಟು ಸಲಿಕೆ ತಂದವರ ಮುಖ ನೋಡೋಕಾಗಲ್ಲ.

ನಾವಿರೋದು ನಾರ್ತ್ ಲೇನ್ ಅನ್ನೋ ಏರಿಯಾದಲ್ಲಿ. ಸ್ಟೇಷನ್ ಬಿಟ್ಟು ಇಳಿಜಾರಲ್ಲಿ ಸಮುದ್ರದ ಕಡೆ ನಡ್ಕೊಂಡು ಬಂದ್ರೆ ಎಡಗಡೆ ಸಿಗೋ ಸಣ್ಣ ಸಣ್ಣ ಬೀದಿಗಳು. ದಿ ಲೇನ್ಸ್ ಅಂತ ಇನ್ನೊಂದಿದೆ, ಒಡವೆ ಅಂಗಡಿಗಳಿರೋದು, ಅದು ಇನ್ನೂ ಕೆಳಗೆ, ನಮ್ಮನೆಗೆ ಬರೋರಲ್ಲಿ ಅರ್ಧ ಜನ ಅಲ್ಲಿಗೆ ಹೋಗಿ ನಿಂತು ಎಲ್ರೀ ನಿಮ್ಮನೆ ಅಂತ ಫೋನ್ ಮಾಡ್ತಾರೆ. ಮನೆ ಅಂದ್ರೆ ಹತ್ತೊಂಬತ್ತನೇ ಶತಮಾನದಲ್ಲಿ ಕೂಲಿ ಕೆಲಸದೋರಿಗೆ ಅಂತ ಸಾಲಾಗಿ ಕಟ್ಟಿದ್ದು, ಕೆಳಗೆ ಎರಡು ರೂಮು ಮೇಲೆ ಎರಡು ರೂಮು, ಮಧ್ಯೆ ಏಣಿ ಥರ ಒಂದು ಮೆಟ್ಲು. ಬಾಗಿಲು ತೆಗೆದ್ರೆ ಗೇಟಿಲ್ಲ, ಅಂಗಳ ಇಲ್ಲ, ಸೀದಾ ಫುಟ್‌ಪಾತು. ಶುಕ್ರವಾರ ರಾತ್ರಿ ಲಂಡನ್ನಿಂದ ಬ್ಯಾಚಲರೆಟ್ ಪಾರ್ಟಿಗೆ ಬರೋ ಹೆಣ್ಮಕ್ಕಳ ಟ್ರಾಲಿ ಸೂಟ್‌ಕೇಸ್ ಚಕ್ರದ ಗಡಗಡ ಸದ್ದು ನನ್ನ ದಿಂಬಿನ ಪಕ್ಕದಲ್ಲೇ ಹೋದಂಗಿರುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಸೀಗಲ್ ಅನ್ನೋ ಕಡಲ ಹಕ್ಕಿಗಳ ಪಾಳಿ. ಜೂನ್ ಜುಲೈನಲ್ಲಿ ಚಿಮಣಿ ಪಕ್ಕ ಮರಿ ಇಟ್ಕೊಂಡಿರ್ತವೆ, ಬೀದಿಗೆ ಇಳಿದ್ರೆ ತಲೆಗೇ ಎರಗ್ತವೆ, ಏನೂ ಮಾಡೋಹಾಗಿಲ್ಲ, 1981ರ ಕಾನೂನಿನ ಪ್ರಕಾರ ಅವು ವಾಸ ಇರೋ ಗೂಡು ಕೆಡಿಸೋದು ಅಪರಾಧ. ಬಾಡಿಗೆದಾರಳಾದ ನನಗೆ ಅಷ್ಟು ರಕ್ಷಣೆ ಇದ್ದಿದ್ರೆ ಈ ಬ್ಲಾಗೇ ಬರೀತಿರಲಿಲ್ಲ ಬಿಡಿ.

ಪಾರ್ಕಿಂಗ್‌ಗೆ ಬರ್ತೀನಿ, ಯಾಕಂದ್ರೆ ನಿಮಗೆಲ್ಲ ಅದೇ ತಾನೇ ಮುಖ್ಯ. ರೆಡಿಂಗ್ ಅನ್ನೋ ಊರಲ್ಲಿರೋ ನಮ್ಮ ಭಾವ (ನಮ್ಮೆಜಮಾನ್ರ ದೊಡ್ಡಪ್ಪನ ಮಗ) ಒಂದು ಭಾನುವಾರ, ಅದೂ ಬಿಸಿಲಿರೋ ಭಾನುವಾರ, ಏಳು ಸೀಟಿನ ಕಾರಲ್ಲಿ ಹೊರಟ್ರು. ಟ್ರೈನಲ್ಲಿ ಬನ್ನಿ ಭಾವ ಅಂತ ನಾನು ಬಡ್ಕೊಂಡೆ. "ಏಯ್ ಸುಮ್ನಿರಮ್ಮಾ, ನಾನು ಬೆಂಗಳೂರಲ್ಲಿ ಗಾಡಿ ಓಡಿಸಿದೋನು" ಅಂದ್ರು. ಹನ್ನೆರಡಕ್ಕೆ ಫೋನ್ ಬಂತು, "ಏನಮ್ಮಾ ಇದು, ರೋಡ್ ಕ್ಲೋಸ್ ಅಂತ ಬೋರ್ಡಿಟ್ಟವ್ರೆ, ರೋಡ್ ಮಧ್ಯದಲ್ಲೇ ಟೇಬಲ್ ಹಾಕ್ಕೊಂಡು ಜನ ಕಾಫಿ ಕುಡೀತಾವ್ರೆ!" ಗಾರ್ಡ್ನರ್ ಸ್ಟ್ರೀಟು ಅದು, ವಾರಾಂತ್ಯ ಗಾಡಿ ಬಿಡಲ್ಲ. ಪಕ್ಕದ ಬೀದಿಗೆ ಹೋದ್ರೆ ಒನ್ ವೇ, ಅದರ ಪಕ್ಕದ್ದು ಪರ್ಮಿಟ್ ಇದ್ದೋರಿಗೆ ಮಾತ್ರ. ನಾನು ಫೋನಲ್ಲಿ ಎಡಕ್ಕೆ ಬಲಕ್ಕೆ ಅಂತಿದ್ದೆ, ಹಿಂದಿನ ಸೀಟಲ್ಲಿ ಹುಡುಗ್ರು ಅಳೋದು ಕೇಳಿಸ್ತಿತ್ತು. ಕೊನೆಗೆ ಎಲ್ಲೋ ಮಲ್ಟಿ ಸ್ಟೋರಿ ಕಾರ್ ಪಾರ್ಕಲ್ಲಿ ನಿಲ್ಲಿಸಿ, ಅಕ್ಕ ಬಿಸಿಬೇಳೆ ಬಾತಿನ ಡಬ್ಬಿ ಸೊಂಟಕ್ಕಿಟ್ಕೊಂಡು, ಮುಂದೆ ಭಾವ, ಹಿಂದೆ ಮಕ್ಕಳು, ಮೆರವಣಿಗೆ ಬಂದಂಗೆ ಬಂದ್ರು. ಎರಡು ಗಂಟೆ ಆಗಿತ್ತು. ಒಳಗೆ ಬಂದೋರು ನೀರೂ ಕುಡೀದೆ ಭಾವ ಹೇಳಿದ್ದೇನು ಗೊತ್ತಾ: "ಈ ಹಳೇ ಗೂಡುಗಳನ್ನೆಲ್ಲ ಒಡೆದು ಒಂದು ದೊಡ್ಡ ಕಾರ್ ಪಾರ್ಕ್ ಕಟ್ಟಿದ್ರೆ ಎಲ್ಲರಿಗೂ ಎಷ್ಟು ಅನುಕೂಲ!"

ಭಾವ, ನಿಮಗಿಂತ ಮುಂಚೆನೇ ಈ ಐಡಿಯಾ ಬಂದಿತ್ತು. 1970ರ ದಶಕದಲ್ಲಿ ಪ್ಲಾನೇ ಇತ್ತು, ಈ ಬೀದಿಗಳನ್ನ ನೆಲಸಮ ಮಾಡಿ ಫ್ಲೈಓವರು, ಜೊತೆಗೆ ಕಾರ್ ಪಾರ್ಕು. ಆಗ ಇದು ಟೂರಿಸ್ಟ್ ಜಾಗ ಅಲ್ಲ, ಯಾರಿಗೂ ಬೇಡವಾದ ಹಳೇ ಕೇರಿ, ಒಡೆದ್ರೂ ಹೆಚ್ಚು ಜನ ಕಣ್ಣೀರು ಹಾಕ್ತಿರಲಿಲ್ಲ. ಅದಕ್ಕೆ ಅಡ್ಡ ನಿಂತೋನು ಯಾವ ಹೋರಾಟಗಾರನೂ ಅಲ್ಲ, ಊರಿನ ಕೌನ್ಸಿಲ್ಲಿನ ಪ್ಲಾನಿಂಗ್ ಆಫೀಸರ್ ಕೆನ್ ಫೈನ್ಸ್. ಒಡೆಯೋ ಪ್ಲಾನಿಗೆ ಸೈನ್ ಹಾಕ್ಬೇಕಾದ ಕುರ್ಚಿಯಲ್ಲಿ ಕೂತೋನೇ ಒಡೀಬೇಡಿ ಅಂದ. 1977ರಲ್ಲಿ ಇಡೀ ಏರಿಯಾ ಸಂರಕ್ಷಿತ ಪ್ರದೇಶ ಆಯ್ತು. ನಮ್ಮ ದೇವರಾಜ ಮಾರ್ಕೆಟ್ ಕಥೆ ನೋಡಿ, 2016ರಲ್ಲಿ ಒಂದು ಭಾಗ ಕುಸಿದ ಮೇಲೆ ಒಡೀಬೇಕಾ ಉಳಿಸ್ಬೇಕಾ ಅಂತ ವರ್ಷಗಟ್ಲೆ ಕೋರ್ಟು ಕಚೇರಿ. ಅದನ್ನ ನೋಡಿದ ಮೈಸೂರಿನೋಳು ನಾನು, ಸರ್ಕಾರಿ ಆಫೀಸರ್ ಒಬ್ಬ ಹಳೇ ಬೀದಿ ಪರ ನಿಂತ ಅಂದ್ರೆ ಹೆಸರು ನೆನಪಿಟ್ಕೋತೀನಿ.

ಇಷ್ಟು ಹೇಳಿದ್ಮೇಲೆ ಭಾವ "ಸರಿ ಬಿಡಮ್ಮಾ" ಅಂದು, ಇಲ್ಲಿನ ರಾಯಲ್ ಪೆವಿಲಿಯನ್ ಅನ್ನೋ ಹಳೇ ಅರಮನೆ ಮುಂದೆ ಫೋಟೋ ತೆಗೆಸ್ಕೊಂಡು, ಮೈಸೂರು ಪ್ಯಾಲೇಸ್ ಥರಾನೇ ಇದೆ ಅಂತ ಸ್ಟೇಟಸ್ ಹಾಕಿ ಹೋದ್ರು. ಮೊದಲನೇ ಮಹಾಯುದ್ಧದಲ್ಲಿ ಆ ಅರಮನೆಯೊಳಗೇ ಗಾಯ ಆದ ಇಂಡಿಯನ್ ಸೈನಿಕರಿಗೆ ಆಸ್ಪತ್ರೆ ಮಾಡಿದ್ರು, ಅದರ ನೆನಪಿಗೆ ಕಟ್ಟಿದ ಗೇಟ್ ಕೆಳಗೇ ಇವರು ನಿಂತಿದ್ದು. ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಪಾರ್ಕಿಂಗ್ ಟೈಮ್ ಮುಗೀತಾ ಬಂತು ಅಂತ ಓಡಿದ್ರು.

ಸರಿ, ಯಾಕಿದ್ದೀನಿ ಅಂದ್ರೆ ಇದಕ್ಕೇ. ಕಾರಿಲ್ಲದೆ ಬದುಕಬಹುದು. ಬ್ರೆಡ್ಡು, ಡಾಕ್ಟರು, ಲೈಬ್ರರಿ, ತೊಗರಿಬೇಳೆ, ಎಲ್ಲಾ ಕಾಲ್ನಡಿಗೆ. ಬಾಗಿಲು ಫುಟ್‌ಪಾತಿಗೆ ತೆಗೆಯುತ್ತಲ್ಲ, ಅದಕ್ಕೇ ಪಕ್ಕದ ಮನೆ ಅಜ್ಜಿಗೆ ನಾನು ಒಗ್ಗರಣೆ ಹಾಕಿದ್ದು ಗೊತ್ತಾಗುತ್ತೆ, "ಇವತ್ತು ಏನು ಸ್ಪೆಷಲ್ಲು" ಅಂತ ಕಿಟಕಿ ಹತ್ರಾನೇ ನಿಂತು ಕೇಳ್ತಾರೆ. ಕಾರಿಳಿದು ಗ್ಯಾರೇಜಿಂದಾನೇ ಒಳಗೆ ಹೋಗೋ ನಿಮ್ಮ ಮನೆಗಳಲ್ಲಿ ಪಕ್ಕದೋರ ಹೆಸರು ಗೊತ್ತೇನ್ರೀ?

ಆದ್ರೆ ನನ್ನನ್ನ ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಇಲ್ಲಿ ಇನ್ನೆಷ್ಟು ದಿನ ಇರೋಕೆ ಬಿಡ್ತಾರೆ? ಬುಲ್ಡೋಜರ್‌ನಿಂದ ಉಳಿಸಿದ್ರು, ಚಂದ ಆಯ್ತು, ಚಂದ ಆಗಿದ್ದಕ್ಕೆ ರೇಟ್ ಏರ್ತು. ಕೂಲಿಯೋರಿಗೆ ಕಟ್ಟಿದ ಮನೆ ಇವತ್ತು ಕೂಲಿಯೋರು ಬಿಡಿ, ಇಬ್ಬರು ಸಂಬಳ ತರೋ ನಮಗೇ ಬಾಡಿಗೆ ಕಟ್ಟೋದು ಕಷ್ಟ, ಕೊಂಡ್ಕೊಳ್ಳೋ ಮಾತಂತೂ ಎತ್ಬೇಡಿ. ನಮ್ಮ ಸಾಲಲ್ಲೇ ಕೆಲವು ಮನೆಗಳ ಬಾಗಿಲಿಗೆ ಈಗ ಟೂರಿಸ್ಟುಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಡೋಕೆ ಕೀ ಇಡೋ ನಂಬರ್ ಡಬ್ಬಿ ಬಂದಿದೆ, ವಾರಕ್ಕೊಂದು ಹೊಸ ಮುಖ, ಯಾರ ಹೆಸರೂ ಗೊತ್ತಾಗೋಷ್ಟರಲ್ಲಿ ಹೊರಟಿರ್ತಾರೆ. ಓನರ್ ಈಮೇಲ್ ಬಂದಾಗೆಲ್ಲ ನಮ್ಮೆಜಮಾನ್ರು ಮೊದ್ಲು ಕೊನೇ ಸಾಲು ಓದ್ತಾರೆ, ಹೊಸ ಬಾಡಿಗೆ ಅಲ್ಲೇ ಇರೋದು. ಈ ಸಲದ್ದು ಇನ್ನೂ ಓಪನ್ ಮಾಡಿಲ್ಲ, ಸಾಯಂಕಾಲ ಇಬ್ಬರೂ ಕೂತು ನೋಡೋಣ ಅಂದಿದಾರೆ.