ತಾಕೆದಾ ಬೆಟ್ಟದ ಕಲ್ಲುಗಳು

ಜಪಾನಿನ ಕೋಟೆ ಅಂದರೆ ಹಿಮೇಜಿಯ ಹಾಗೆ ಬೆಳ್ಳಗೆ, ಅಂತಸ್ತಿನ ಮೇಲೆ ಅಂತಸ್ತು ಅಂತಲೇ ತಿಳಿದಿದ್ದೆ. ಅದೇ ಹಿಮೇಜಿಯಿಂದ ರೈಲು ಹತ್ತಿ, ತೆರಾಮಾಯೆಯಲ್ಲಿ ಪುಟ್ಟ ಡೀಸೆಲ್ ಗಾಡಿಗೆ ಬದಲಾಯಿಸಿ ತಾಕೆದಾಗೆ ಹೋದೆ. ಅಲ್ಲಿನ ಬೆಟ್ಟದ ಮೇಲೆ ಒಂದು ಕಂಬವಿಲ್ಲ, ಒಂದು ಹೆಂಚಿಲ್ಲ. ಬರೀ ಕಲ್ಲಿನ ಗೋಡೆಗಳು. ಆದರೂ ನನ್ನ ಮನಸ್ಸಿಗೆ ಹತ್ತಿದ ಕೋಟೆ ಇದೇ.

ನವೆಂಬರ್ ತಿಂಗಳು. ಹಿಂದಿನ ರಾತ್ರಿ ಊರಲ್ಲೇ ತಂಗಿದ್ದೆ. ಕತ್ತಲಿರುವಾಗಲೇ ಮನೆಯೊಡತಿ ಅಜ್ಜಿ ಎರಡು ಅನ್ನದ ಉಂಡೆ ಕಟ್ಟಿಕೊಟ್ಟು, "ನಿಧಾನ ಹತ್ತಿ, ಮೆಟ್ಟಿಲು ಒದ್ದೆ ಇರುತ್ತೆ" ಅಂದರು. ಸ್ಟೇಷನ್ ಹಿಂದಿನ ದಾರಿ ಕಡಿದಾಗಿದೆ. ಮುಕ್ಕಾಲು ಗಂಟೆ ಏದುಸಿರು ಬಿಡುತ್ತಾ ಹತ್ತಿದೆ.

ಬೆಟ್ಟದ ಎತ್ತರ 353 ಮೀಟರ್, ಅಷ್ಟೇ. ಚಳಿ ಜಾಸ್ತಿಯಾದ ಬೆಳಗುಗಳಲ್ಲಿ ಮಾರುಯಾಮಾ ನದಿಯಿಂದ ಮಂಜು ಎದ್ದು ಕಣಿವೆ ತುಂಬಿಬಿಡುತ್ತದೆ. ಮೋಡದಲ್ಲಿ ತೇಲುವ ಕೋಟೆಯ ಫೋಟೋ ಬೇಕಾದವರು ಎದುರು ಬೆಟ್ಟದ ರಿತ್ಸುಉನ್‌ಕ್ಯೋ ಅನ್ನುವ ಜಾಗಕ್ಕೆ ಹೋಗುತ್ತಾರೆ. ನನಗೆ ಗೋಡೆಗಳನ್ನು ಹತ್ತಿರದಿಂದ ನೋಡಬೇಕಿತ್ತು.

ಮಂಜಿನಲ್ಲಿ ಮೊದಲು ಕಂಡಿದ್ದು ಗೋಡೆಯ ಒಂದು ಮೂಲೆ. ಉದ್ದ ಕಲ್ಲುಗಳನ್ನು ಒಂದು ಸಲ ಈ ಕಡೆಗೆ, ಇನ್ನೊಂದು ಸಲ ಆ ಕಡೆಗೆ ತಿರುಗಿಸಿ ಪೇರಿಸಿದ್ದಾರೆ. ಗೋಡೆಯ ಕಲ್ಲುಗಳನ್ನು ಕೆತ್ತಿ ನಯ ಮಾಡಿಲ್ಲ, ಸಿಕ್ಕ ಹಾಗೇ ಇಟ್ಟಿದ್ದಾರೆ. ಗಾರೆಯೂ ಇಲ್ಲ. ದೊಡ್ಡ ಕಲ್ಲುಗಳ ಸಂದಿಗೆ ಮುಷ್ಟಿಗಾತ್ರದ ಚಕ್ಕೆಗಳನ್ನು ತುರುಕಿದ್ದಾರೆ. ಮಳೆನೀರು ಈ ಸಂದಿಗಳಿಂದಲೇ ಸುಮ್ನೆ ಹರಿದುಹೋಗುತ್ತದೆ, ಹಾಗಾಗಿ ಗೋಡೆ ಉಬ್ಬುವುದಿಲ್ಲ. ಓಮಿ ಸೀಮೆಯ ಅನೋ ಕಲ್ಲುಕೆಲಸದವರ ಕೈಚಳಕ ಇದು ಅಂತಾರೆ. ಒಂದು ಸಂದಿಯಲ್ಲಿ ಜರಿಗಿಡ ಬೆಳೆದು ಅದರ ತುದಿಯಲ್ಲಿ ಮಂಜಿನ ಹನಿ ನಿಂತಿತ್ತು. ನಾನು ಎಷ್ಟೋ ಹೊತ್ತು ಅಲ್ಲೇ ನಿಂತೆ.

1431ರಲ್ಲಿ ಯಾಮಾನಾ ಮನೆತನದವರು ಈ ಕೋಟೆ ಶುರುಮಾಡಿದರು ಅನ್ನುವುದು ಇಲ್ಲಿನ ಮಾತು. ಕಲ್ಲಿನ ಗೋಡೆಗಳು ಬಂದದ್ದು ತುಂಬಾ ಆಮೇಲೆ, ಕೊನೆಯ ಒಡೆಯ ಅಕಾಮಾತ್ಸು ಹಿರೋಹಿದೆಯ ಕಾಲದಲ್ಲಿ. ಅವನ ಕಥೆ ಓದಿದಾಗಿನಿಂದ ಸಂಕಟ ನನಗೆ. ಪುಸ್ತಕದ ಹುಚ್ಚಿನವನು. ಜಪಾನ್ ಕೊರಿಯಾದ ಮೇಲೆ ನಡೆಸಿದ ಯುದ್ಧದಲ್ಲಿ ಸೆರೆಯಾಗಿ ಬಂದ ಅಲ್ಲಿನ ಪಂಡಿತ ಕಾಂಗ್ ಹಾಂಗ್‌ನನ್ನು ಗೌರವದಿಂದ ಕಂಡು, ಗ್ರಂಥಗಳನ್ನು ಬರೆಸಿಕೊಂಡವನು. 1600ರಲ್ಲಿ, ಜಪಾನಿನ ಅಧಿಕಾರ ಯಾರ ಕೈಗೆ ಅನ್ನುವುದನ್ನು ತೀರ್ಮಾನಿಸಿದ ಸೆಕಿಗಾಹರಾ ಯುದ್ಧವಾಯಿತು. ಆಮೇಲೆ ತೊತ್ತೋರಿಯ ಕೋಟೆಪೇಟೆಗೆ ಬೆಂಕಿಯಿಟ್ಟ ಆರೋಪ ಇವನ ತಲೆಗೆ ಬಂತು, ಹೊಟ್ಟೆ ಸೀಳಿಕೊಂಡು ಸಾಯಬೇಕೆಂದು ಅಪ್ಪಣೆಯಾಯಿತು. ಕೋಟೆಯೂ ಅಲ್ಲಿಗೇ ಬರಿದಾಯಿತು. ಅಷ್ಟು ಚಂದ ಕಟ್ಟಿಸಿದ ಗೋಡೆಯೊಳಗೆ ಬಾಳಲು ಅವನಿಗೆ ಸಿಕ್ಕಿದ್ದು ಎಷ್ಟು ದಿನ, ಅಲ್ವಾ?

ಬಿಸಿಲು ಬಂದಾಗ ದಕ್ಷಿಣದ ಬಯಲಲ್ಲಿ ಕೂತು ಅಜ್ಜಿಯ ಉಂಡೆ ತಿಂದೆ. ಉಪ್ಪು ಹಾಕಿದ ಪ್ಲಮ್ ಒಳಗಿತ್ತು. ಕೆಳಗೆ ಊರು ಇನ್ನೂ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಡೀಸೆಲ್ ಗಾಡಿಯ ಸದ್ದು ಮಾತ್ರ ಮೇಲೆ ಬಂತು.